ಶಸ್ತ್ರವೈದ್ಯವೂ ಮುದುಕರ ಮಾನವೂ

ನಾನು ವೈದ್ಯನಲ್ಲ, ರಾಮನಗರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು. ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಬರೆಯಲು ನನಗೇನು ಅಧಿಕಾರವೆಂದು ವಾಚಕರು ಕೇಳಬಹುದು. ಅಧಿಕಾರವಿಲ್ಲ, ಕಾರಣವುಂಟು. ಮಾಗಡಿ ಸೀಮೆಯ ನನ್ನ ಸೋದರಮಾವನವರೇ ಆ ಕಾರಣ.

ಎಪ್ಪತ್ತರ ಹತ್ತಿರದ ಈ ಹಿರಿಯರು ತಿರುಮಲೆ ರಂಗನಾಥಸ್ವಾಮಿಯ ತೇರನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಕೆಲವು ವರ್ಷಗಳ ಹಿಂದೆ ಅವರ ಪ್ರಾಸ್ಟೇಟಿನಲ್ಲಿ ಕ್ಯಾನ್ಸರ್ ಕಂಡಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ರೋಬಾಟ್ ಯಂತ್ರದ ನೆರವಿನಿಂದ ಗ್ರಂಥಿಯನ್ನು ತೆಗೆದರು. ರೋಗವೇನೋ ಹೋಯಿತು. ಆದರೆ ಮೂತ್ರದ ಕೊಳವೆ ತೆಗೆದ ದಿನದಿಂದ ನೀರು ಹಿಡಿತಕ್ಕೆ ನಿಲ್ಲದಾಯಿತು. ಕೆಮ್ಮಿದರೆ ಒದ್ದೆ, ಎದ್ದುನಿಂತರೆ ಒದ್ದೆ. ಹೀಗಾದೀತೆಂದು ಅವರಿಗೆ ತಿಳಿಯುವ ಹಾಗೆ ಮುಂಚೆ ಯಾರೂ ಹೇಳಿರಲಿಲ್ಲ. ಆ ವರ್ಷ ಅವರು ತೇರಿಗೆ ಹೋಗಲಿಲ್ಲ. ಕನಕಪುರದ ಮಗಳ ಮನೆಗೆಂದು ಬಸ್ಸು ಹತ್ತಲಿಲ್ಲ. “ಕಾಯ್ಲೆ ಹೋಯ್ತು ಕಣಪ್ಪ, ಅದರ ಜೊತೆಗೆ ಮಾನಾನೂ ಹೋಯ್ತು” ಎಂದರು. ಆ ಮಾತೇ ನನ್ನನ್ನು ಈ ಚರಿತ್ರೆಯ ಬಾಗಿಲಿಗೆ ತಂದಿತು.

ಬಾಧೆ ಹಳೆಯದು. ಸುಶ್ರುತಸಂಹಿತೆ ಹನ್ನೆರಡು ಬಗೆಯ ಮೂತ್ರಾಘಾತಗಳನ್ನು ಹೇಳುತ್ತದೆ. ಅವುಗಳಲ್ಲಿ ವಾತಾಷ್ಠೀಲೆ ಎಂಬುದೊಂದು: ಮಲಮಾರ್ಗಕ್ಕೂ ಮೂತ್ರಾಶಯಕ್ಕೂ ನಡುವೆ ಕಲ್ಲಿನಂತೆ ಗಟ್ಟಿಯಾಗಿ, ಅಲುಗದೆ ನಿಲ್ಲುವ ಗಂಟು. ಊದಿದ ಪ್ರಾಸ್ಟೇಟನ್ನೇ ಇದರಲ್ಲಿ ಗುರುತಿಸುವ ವಿದ್ವಾಂಸರಿದ್ದಾರೆ. ಕನ್ನಡದಲ್ಲಿಯೂ ೧೨ನೆಯ ಶತಮಾನದ ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿ ವೈದ್ಯವನ್ನು ನಮ್ಮ ನುಡಿಗೆ ತಂದನು. ದೇಹದ ಮಾತಿಗೆ ಹಿಂದಿನವರು ನಾಚಲಿಲ್ಲ, ನಾಚಿದವರು ನಾವು.

ಪ್ರಾಸ್ಟೇಟ್ ಗ್ರಂಥಿ ಮೂತ್ರಾಶಯದ ಬಾಯಿಯಲ್ಲಿ ಕುಳಿತಿದೆ. ಮೂತ್ರನಾಳ ಅದರ ನಡುವೆಯೇ ಹಾದುಹೋಗುತ್ತದೆ. ನೀರನ್ನು ತಡೆಹಿಡಿಯಲು ಪ್ರಕೃತಿ ಎರಡು ಸ್ನಾಯುಬಳೆಗಳನ್ನು ಇಟ್ಟಿದೆ. ಗ್ರಂಥಿಯನ್ನು ಪೂರ್ತಿ ತೆಗೆದಾಗ ಮೇಲಿನ ಬಳೆ ಬಹುಮಟ್ಟಿಗೆ ಅದರೊಡನೆ ಹೋಗುತ್ತದೆ. ಆವರೆಗೆ ಇಬ್ಬರು ಹೊತ್ತ ಭಾರವನ್ನು ಕೆಳಗಿನ ಬಳೆ ಒಂದೇ ಹೊರಬೇಕು. ಮಾವನ ಪಂಚೆ ಒದ್ದೆಯಾದುದು ಇದರಿಂದ.

ಕ್ಯಾನ್ಸರಿಗಾಗಿ ಗ್ರಂಥಿಯನ್ನು ಸಮೂಲವಾಗಿ ತೆಗೆಯುವ ಕ್ರಮವನ್ನು ೧೯೦೪ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ರೂಢಿಗೆ ತಂದರು. ೧೯೪೦ರ ದಶಕದಲ್ಲಿ ಲಂಡನ್ನಿನ ಟೆರೆನ್ಸ್ ಮಿಲಿನ್ ಕಿಬ್ಬೊಟ್ಟೆಯ ಕಡೆಯಿಂದ ದಾರಿ ತೆರೆದರು. ಆದರೆ ಅಲ್ಲಿ ರಕ್ತ ಮಡುಗಟ್ಟುತ್ತಿತ್ತು. ಕೈಗೆ ಸಿಕ್ಕಿದ್ದು ಕಣ್ಣಿಗೆ ಕಾಣುತ್ತಿರಲಿಲ್ಲ. ಪ್ರಾಣ ಉಳಿದರೆ ಸಾಕು, ಉಳಿದದ್ದು ಅದಕ್ಕೆ ತೆತ್ತ ಬೆಲೆ ಎಂಬ ಭಾವನೆ ಬಹುಕಾಲ ನಡೆಯಿತು.

ಆ ಭಾವನೆಯನ್ನು ಅಲುಗಿಸಿದವರು ಬಾಲ್ಟಿಮೋರಿನವರೇ ಆದ ಪ್ಯಾಟ್ರಿಕ್ ವಾಲ್ಷ್. ಮೊದಲು ರಕ್ತನಾಳಗಳ ಜಾಡು ಹಿಡಿದು ರಕ್ತಸ್ರಾವಕ್ಕೆ ಕಡಿವಾಣ ಹಾಕಿದರು. ಬಳಿಕ ೧೯೮೧ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ನಿವೃತ್ತ ಪ್ರಾಧ್ಯಾಪಕ ಡಾಂಕರರೊಡನೆ ಕುಳಿತು, ಸತ್ತು ಹುಟ್ಟಿದ ಶಿಶುವಿನ ದೇಹದಲ್ಲಿ ಗ್ರಂಥಿಯ ಪಕ್ಕದ ಸೂಕ್ಷ್ಮ ನರಗಳನ್ನು ಬಿಡಿಸಿ ನೋಡಿದರು. ಮರುವರ್ಷವೇ ಆ ನರಗಳನ್ನು ಉಳಿಸಿ ಶಸ್ತ್ರಕ್ರಿಯೆ ಮಾಡಿದರು. ಏನನ್ನು ಕೊಯ್ಯಬೇಕೆಂಬ ವಿದ್ಯೆಗೆ ಏನನ್ನು ಮುಟ್ಟಬಾರದೆಂಬ ವಿದ್ಯೆ ಅಂದು ಜೊತೆಗೂಡಿತು.

ರೋಬಾಟ್ ಬಂದುದು ಅನಂತರ. ೨೦೦೦ದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಇಂಥ ಮೊದಲ ಶಸ್ತ್ರಕ್ರಿಯೆ ನಡೆಯಿತು. ಅದನ್ನು ಡೆಟ್ರಾಯಿಟ್ ನಗರದಲ್ಲಿ ಬೆಳೆಸಿ ಲೋಕಕ್ಕೆ ಕಲಿಸಿದವರಲ್ಲಿ ಪ್ರಮುಖರು ನಮ್ಮ ನೆರೆಯ ಕೇರಳ ಮೂಲದ ಮಣಿ ಮೆನನ್. ಯಂತ್ರವೇ ತಾನಾಗಿ ಕೊಯ್ಯುತ್ತದೆಂದು ನಮ್ಮ ಮಾವ ತಿಳಿದಿದ್ದರು. ಹಾಗಲ್ಲ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವುದನ್ನು ನೋಡಿದವರಿಗೆ ಇದು ಬೇಗ ತಿಳಿದೀತು. ಲೇತ್ ತಿರುಗುತ್ತದೆ ನಿಜ. ಆದರೆ ಉಳಿ ಎಷ್ಟು ಒತ್ತಬೇಕು, ಎಲ್ಲಿ ತಡೆಯಬೇಕು ಎಂಬುದು ಕುಶಲಕರ್ಮಿಯ ಕೈಗೆ ಬಿಟ್ಟದ್ದು. ಇಲ್ಲಿಯೂ ವೈದ್ಯರು ತುಸು ದೂರದಲ್ಲಿ ಕುಳಿತು, ಹಿಗ್ಗಿಸಿದ ಚಿತ್ರವನ್ನು ನೋಡುತ್ತ ಯಂತ್ರದ ಸಣ್ಣ ಕೈಗಳನ್ನು ಆಡಿಸುತ್ತಾರೆ.

ಹಾಗಾದರೆ ಯಂತ್ರ ಬಂದಮೇಲೆ ಒದ್ದೆಯ ಕಾಟ ತಪ್ಪಿತೆ? ೨೦೧೬ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನ ವೈದ್ಯರು, ಮುನ್ನೂರಕ್ಕೂ ಮಿಕ್ಕ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ ನಡೆಸಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ರೋಬಾಟಿನಲ್ಲಿ ರಕ್ತನಷ್ಟ ಕಡಮೆ. ಆದರೆ ೧೨ ವಾರ ಕಳೆದಮೇಲೆ ಮೂತ್ರದ ಹಿಡಿತದಲ್ಲಿ ತೆರೆದ ಶಸ್ತ್ರಕ್ರಿಯೆಗೂ ಇದಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಅಂತರ ಕಂಡದ್ದು ಯಂತ್ರ ಹಿಡಿದ ದಾರಿಯಲ್ಲಿ. ಇಟಲಿಯ ಮಿಲಾನಿನಲ್ಲಿ ಆಲ್ಡೊ ಬೊಚ್ಚಾರ್ದಿ ಮೂತ್ರಾಶಯದ ಮುಂದಿನ ಕಟ್ಟುಗಳನ್ನು ಕದಲಿಸದೆ ಹಿಂದಿನಿಂದ ಗ್ರಂಥಿಯನ್ನು ತಲಪುವ ಕ್ರಮವನ್ನು ತೋರಿಸಿದರು. ೨೦೧೦ರಲ್ಲಿ ಅದು ಪ್ರಕಟವಾಯಿತು. ೨೦೧೭ರಲ್ಲಿ ಮೆನನ್ ಅವರ ಬಳಗ ೧೨೦ ಮಂದಿಯಲ್ಲಿ ಇದನ್ನು ಒರೆಗೆ ಹಚ್ಚಿತು. ಕೊಳವೆ ತೆಗೆದ ಒಂದು ವಾರಕ್ಕೆ ಹೊಸ ಕ್ರಮದಲ್ಲಿ ನೂರಕ್ಕೆ ೭೧ ಮಂದಿಗೆ, ಹಳೆಯದರಲ್ಲಿ ೪೮ ಮಂದಿಗೆ ಹಿಡಿತ ಬಂದಿತ್ತು. ವರ್ಷ ಕಳೆಯುವಷ್ಟರಲ್ಲಿ ಈ ಅಂತರ ಬಹುಮಟ್ಟಿಗೆ ಅಳಿಸಿಹೋಯಿತು.

ಇದನ್ನು ಓದಿ ನಾನು ತಿಳಿದುದಿಷ್ಟು: ಬಹು ಮಂದಿಗೆ ನೀರಿನ ಹಿಡಿತ ಮರಳುತ್ತದೆ, ಕೆಲವರಿಗೆ ವಾರದಲ್ಲಿ, ಕೆಲವರಿಗೆ ವರ್ಷದಲ್ಲಿ. ಮರಳದ ಕೆಲವರಿಗೂ ಬೇರೆ ಚಿಕಿತ್ಸೆಗಳುಂಟು. ಆದರೆ ಕಾಯುವವನಿಗೆ ತಾನು ಕಾಯುತ್ತಿದ್ದೇನೆಂಬುದು ಗೊತ್ತಿರಬೇಕು. ಗೊತ್ತಿಲ್ಲದವನು ಅದನ್ನೇ ಹಣೆಬರಹವೆಂದು ಬಗೆದು ಮೂಲೆ ಸೇರುತ್ತಾನೆ. ನಮ್ಮ ಮಾವ ಸೇರಿದ್ದು ಹಾಗೆ.

ಕೊನೆಗೊಬ್ಬ ವ್ಯಾಯಾಮ ಚಿಕಿತ್ಸಕಿ ಅವರಿಗೆ ಕೆಳಗಿನ ಸ್ನಾಯುವನ್ನು ಬಿಗಿಹಿಡಿದು ಸಡಿಲಿಸುವ ಅಭ್ಯಾಸ ಕಲಿಸಿದಳು. ಬಾಣಂತಿಯರಿಗೆಂದು ೧೯೪೮ರಲ್ಲಿ ಅಮೆರಿಕದ ಆರ್ನಾಲ್ಡ್ ಕೆಗೆಲ್ ಪ್ರಚುರಪಡಿಸಿದ ವ್ಯಾಯಾಮವದು. ವ್ಯಾಯಾಮದಿಂದಲೋ ಕಾಲದಿಂದಲೋ, ಎಂಟನೆಯ ತಿಂಗಳಿಗೆ ಪಂಚೆ ಒಣಗಿತು. ಮುಂದಿನ ಚೈತ್ರದಲ್ಲಿ ಅವರು ತೇರಿನ ಮುಂದೆ ಇದ್ದರು.

ಈಚೆಗೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಪರಿಚಯದ ರೈತರೊಬ್ಬರು ಇದೇ ಶಸ್ತ್ರಕ್ರಿಯೆಗೆ ಹೊರಟಿರುವುದಾಗಿ ಮೆಲ್ಲಗೆ ಹೇಳಿದರಂತೆ. ಮಾವ ಅವರನ್ನು ಪಕ್ಕಕ್ಕೆ ಕರೆದು ಹೇಳಿದ್ದು: “ಎಷ್ಟು ದಿವಸ ನೀರು ನಿಲ್ಲಲ್ಲ, ಅದಕ್ಕೇನು ಮಾಡ್ಬೇಕು ಅಂತ ಮೊದ್ಲೇ ಡಾಕ್ಟರನ್ನ ಕೇಳ್ಕೊಳ್ಳಿ ಗೌಡ್ರೆ. ನಾಚ್ಕೋಬೇಡಿ.”