ವಸ್ತ್ರಶಿಲ್ಪ: ಸಾರ್ವಜನಿಕ ಕಟ್ಟಡಗಳ ಒಳಾಂಗಣದಲ್ಲಿ

ಬಟ್ಟೆ, ನೂಲು, ಬಲೆಗಳನ್ನು ಹೊಲಿದು, ಗಂಟುಹಾಕಿ ಇಲ್ಲವೇ ತೂಗುಬಿಟ್ಟು ರೂಪ ಕೊಡುವ ಕಲೆ. ಎತ್ತರದ ಸಭಾಂಗಣಗಳಿಗೆ ಚೆನ್ನಾಗಿ ಒಪ್ಪುತ್ತದೆ: ತೂಕ ಕಡಿಮೆ, ದಪ್ಪ ನೇಯ್ಗೆ ಪ್ರತಿಧ್ವನಿಯನ್ನೂ ತಗ್ಗಿಸುತ್ತದೆ.

ಚಾಮರಾಜನಗರ ಜಿಲ್ಲೆಯ ಉಡಿಗಾಲ ಸೀಮೆಗೆ ಬಟ್ಟೆಯಲ್ಲಿ ಆಕಾರ ಕಟ್ಟುವುದು ಹೊಸತಲ್ಲ. ಆಷಾಢದಲ್ಲಿ ಚಾಮರಾಜನಗರದ ಬೀದಿಗಿಳಿಯುವ ಚಾಮರಾಜೇಶ್ವರನ ಮರದ ತೇರಿಗೆ ಮೇಲ್ಗೋಪುರದ ಮೈ ಕೊಡುವುದು ಬಣ್ಣದ ಬಟ್ಟೆಯೇ.

ಮೃಣಾಲಿನಿ ಮುಖರ್ಜಿ (1949–2015) ನಾರಿನ ಹಗ್ಗ ಗಂಟುಹಾಕಿ ಭವ್ಯ ಶಿಲ್ಪಗಳನ್ನು ಮಾಡಿದರು. 1997ರಲ್ಲಿ ಮಹಾಬಲಿಪುರದ ಮೀನುಗಾರರ ಬಲೆ ಕಂಡ ಅಮೆರಿಕದ ಜಾನೆಟ್ ಎಕೆಲ್ಮನ್ ಅದನ್ನೇ ಮಾಧ್ಯಮವಾಗಿಸಿಕೊಂಡರು. 2011ರಲ್ಲಿ ಅವರ ತೂಗುಶಿಲ್ಪ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದೊಳಗೆ ಏರಿತು.

ಬಟ್ಟೆಗೆ ಬೆಂಕಿ, ದೂಳು ಎರಡೂ ಶತ್ರು. ಬೆಂಕಿ ತಡೆಯುವ ಲೇಪನ, ಇಳಿಸಿ ತೊಳೆಯುವ ವ್ಯವಸ್ಥೆ ಬೇಕೇ ಬೇಕು. ಅಷ್ಟಾದರೆ, ಕೊಳ್ಳೇಗಾಲದಂಥ ರೇಷ್ಮೆಯೂರು ಇರುವ ಜಿಲ್ಲೆಯ ಸರ್ಕಾರಿ ಭವನಗಳು ಮೊದಲ ಅವಕಾಶವನ್ನು ಇಲ್ಲಿನ ನೇಕಾರರಿಗೇ ಕೊಡಬೇಕು.