ಗುಳಿಗೆ ಬಿಡದವರ ಬೆನ್ನಿಗೆ ಯಾರಿದ್ದಾರೆ?

ಗದಗ, ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಬೆಂಗಳೂರಿನಲ್ಲಿ ಹುಟ್ಟಿದ್ದೂ ಅದೇ ವರ್ಷ. ಆದರೂ ಜಿಲ್ಲೆಯ ಸ್ಮರಣ ಸಂಚಿಕೆಗಳಲ್ಲಿ ಎಚ್‌ಐವಿಗೆ ಪುಟ ಸಿಗುವುದು ಕಡಿಮೆ. ವೀರನಾರಾಯಣ ಗುಡಿ, ತೋಂಟದಾರ್ಯ ಮಠ, ವೀರೇಶ್ವರ ಪುಣ್ಯಾಶ್ರಮ, ಬೆಟಗೇರಿಯ ಮಗ್ಗಗಳಿಗೇ ಪುಟಗಳು ಮುಗಿದುಹೋಗುತ್ತವೆ.

ದೇಶದಲ್ಲಿ ಎಚ್‌ಐವಿಯನ್ನು ಹತ್ತಿಕ್ಕುವ ಉಚಿತ ಎ.ಆರ್.ಟಿ. ಚಿಕಿತ್ಸೆ ಶುರುವಾದದ್ದು 2004ರ ಏಪ್ರಿಲ್ 1ರಂದು. ಸೋಂಕು ಹೆಚ್ಚಿದ್ದ ಮೊದಲ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಮೊದಮೊದಲು ನಮ್ಮ ಕಡೆಯವರು ಔಷಧಿಗೆ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯ ದಾರಿ ಹಿಡಿಯಬೇಕಿತ್ತು. ಕಾಯಿಲೆ ಬಲಿತವರಿಗೆ, ರೋಗನಿರೋಧಕ ಕಣಗಳ (ಸಿಡಿ4) ಎಣಿಕೆ ತೀರಾ ಇಳಿದವರಿಗೆ ಮೊದಲ ಸರದಿ. ಬರಬರುತ್ತ ಗದಗಿನಲ್ಲೇ ಎ.ಆರ್.ಟಿ. ಕೇಂದ್ರವಾಯಿತು. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ ಸಿಡಿ4 ನೋಡದೆ ಔಷಧಿ ಕೊಡಬೇಕೆಂದಾಯಿತು. ಈಗ ಬಹುಪಾಲು ಜನಕ್ಕೆ ದಿನಕ್ಕೆ ಒಂದೇ ಗುಳಿಗೆ. ತಪ್ಪದೆ ನುಂಗಿದರೆ ವೈರಸ್ ಪರೀಕ್ಷೆಗೂ ಸಿಗದಷ್ಟು ತಗ್ಗುತ್ತದೆ. ಆ ಸ್ಥಿತಿಯಲ್ಲಿ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ.

ಇಷ್ಟು ಸರ್ಕಾರ ಮತ್ತು ವಿಜ್ಞಾನದ ಪಾಲು. ಗುಳಿಗೆ ಗದಗಿನವರೆಗೆ ಬಂದಿದೆ. ಶಿರಹಟ್ಟಿಯ ಕೂಲಿಯ ಹೆಣ್ಣುಮಗಳು ಆ ಗುಳಿಗೆಯವರೆಗೆ ವರ್ಷಗಟ್ಟಲೆ ಬರುತ್ತಲೇ ಇರಬೇಕಲ್ಲ, ಅದು ಬೇರೆಯೇ ಕತೆ.

ಎ.ಆರ್.ಟಿ. ಕೇಂದ್ರದ ಆಪ್ತ ಸಮಾಲೋಚಕರು ಮೊದಲು ಕೇಳುವ ಮಾತುಗಳಲ್ಲಿ ಇದೊಂದು: "ಅಕ್ಕಾ, ಮನ್ಯಾಗ ಯಾರಿಗಾರ ಹೇಳೀರೇನ್ರಿ?" ಈ ಪ್ರಶ್ನೆಗೆ ಹೌದು ಎನ್ನುವವರು ಚಿಕಿತ್ಸೆಯಲ್ಲಿ ಉಳಿಯುವ ಸಾಧ್ಯತೆ ಹೆಚ್ಚು. ಇಡೀ ಓಣಿಗೆ ಗೊತ್ತಾಗಬೇಕಿಲ್ಲ, ಒಬ್ಬರಿಗೆ ಗೊತ್ತಿದ್ದರೆ ಸಾಕು: ತಾಯಿ, ತಂಗಿ, ಕೆಲವೊಮ್ಮೆ ಬೆಳೆದ ಮಗಳು. ರಾತ್ರಿ "ಗುಳಿಗಿ ತಗೊಂಡೇನ?" ಎಂದು ಕೇಳುವವರು ಅವರೇ, ಜ್ವರ ಬಂದಾಗ ಬಸ್ ಹತ್ತಿಸುವವರೂ ಅವರೇ. ಯಾರಿಗೂ ಹೇಳದವರು ಎ.ಆರ್.ಟಿ.ಯ ಹಸಿರು ಪುಸ್ತಕವನ್ನು ಟ್ರಂಕಿನ ತಳದಲ್ಲಿಟ್ಟು, ನೆಂಟರು ಬಂದ ದಿನ ಗುಳಿಗೆ ತಪ್ಪಿಸುತ್ತಾರೆ. ಮದುವೆ, ಜಾತ್ರೆ, ಬಾಣಂತನ ಎಂದು ನಮ್ಮ ಮನೆಗಳಲ್ಲಿ ನೆಂಟರು ಬಾರದ ತಿಂಗಳು ಯಾವುದು?

ಗಂಡ ತೀರಿಕೊಂಡ ಹೆಣ್ಣುಮಕ್ಕಳ ಪಾಡು ಇದಕ್ಕಿಂತ ಕಷ್ಟದ್ದು. ಅತ್ತೆಮನೆಯವರು ಮಗನ ಸಾವನ್ನು ಸೊಸೆಯ ತಲೆಗೆ ಕಟ್ಟಿ ತವರಿಗೆ ಕಳಿಸಿಬಿಡುತ್ತಿದ್ದರು. ನೆಲೆಯೇ ತಪ್ಪಿದವಳಿಗೆ ಆಸ್ಪತ್ರೆಯ ತಾರೀಖು ಎಲ್ಲಿಂದ ನೆನಪಿರಬೇಕು? 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿತ ಮಹಿಳೆಗೆ ತಾನಿದ್ದ ಮನೆಯಲ್ಲೇ ಉಳಿಯುವ ಹಕ್ಕನ್ನು ಅದು ಕೊಟ್ಟಿದೆ. ಒಪ್ಪಿಗೆಯಿಲ್ಲದೆ ಒಬ್ಬರ ಸೋಂಕಿನ ಸುದ್ದಿಯನ್ನು ಹೊರಗೆಡಹುವುದನ್ನು ತಡೆದಿದೆ. ಈ ಕಾಯ್ದೆ ಹಳ್ಳಿಯ ಹಿರಿಯರ ಕಿವಿಗೆ ಇನ್ನೂ ಸರಿಯಾಗಿ ಬಿದ್ದಿಲ್ಲ ಎಂಬುದು ನನ್ನ ಅನಿಸಿಕೆ.

ಬೆಂಗಳೂರಿನಲ್ಲಿ ಕೂತು ಯೋಜನೆ ಮಾಡುವವರಿಗೆ ಹೊಳೆಯದ ಸಂಗತಿಯೊಂದಿದೆ. ಆಸ್ಪತ್ರೆ ಹತ್ತಿರವಿದ್ದಷ್ಟೂ ಒಳ್ಳೆಯದು ಎಂದು ಅವರ ಲೆಕ್ಕ. ಲಕ್ಷ್ಮೇಶ್ವರದಂಥ ಊರಿನಲ್ಲಿ ಹತ್ತಿರ ಎಂದರೆ ಗುರುತಿನವರ ಕಣ್ಣಿಗೆ ಬೀಳುವುದು. ಸರದಿಯಲ್ಲಿ ನಿಂತಾಗ ಪಕ್ಕದ ಓಣಿಯವರು ಕಂಡರೆ ಸಂಜೆಯೊಳಗೆ ಸಂತೆಯಲ್ಲಿ ಸುದ್ದಿ. ಅದಕ್ಕೇ ಕೆಲವರು ತಾಲೂಕು ಆಸ್ಪತ್ರೆಯ ಮುಂದೆಯೇ ಹಾದು ಗದಗಿಗೋ ಹುಬ್ಬಳ್ಳಿಗೋ ಹೋಗುತ್ತಾರೆ. ಅದನ್ನು ಮೌಢ್ಯ ಎನ್ನಲಾರೆ. ದೂರದ ಬಸ್ಸಿನ ಖರ್ಚು ಅವರು ಮರ್ಯಾದೆಗೆ ಕಟ್ಟುವ ಬಾಡಿಗೆ.

ಹೆಂಗಸರ ಮಟ್ಟಿಗೆ ಆ ಬಾಡಿಗೆ 2023ರ ಜೂನ್ 11ರಿಂದ ಇಳಿದಿದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಂತೆ ಮಾಡಿದ ಶಕ್ತಿ ಯೋಜನೆಯನ್ನು ಯಾರೂ ಎಚ್‌ಐವಿಗಾಗಿ ಮಾಡಲಿಲ್ಲ. ಆದರೆ ಮುಂಡರಗಿಯಿಂದ ಗದಗಿಗೆ ಹೋಗಿಬರುವ ಟಿಕೆಟ್ ಹಣ ಉಳಿದದ್ದು ಸಣ್ಣ ಮಾತಲ್ಲ. ಕಳೆದುಹೋಗುವ ಒಂದು ದಿನದ ಕೂಲಿಗೆ ಮಾತ್ರ ಯಾವ ಯೋಜನೆಯೂ ಇಲ್ಲ. 2020ರ ಲಾಕ್‌ಡೌನಿನಲ್ಲಿ ಮೂರು ತಿಂಗಳ ಔಷಧಿಯನ್ನು ಒಟ್ಟಿಗೆ ಕೊಟ್ಟಾಗ ಆ ನಷ್ಟ ಎಷ್ಟು ತಗ್ಗಬಹುದೆಂದು ಕಂಡಿತು. ಪಡಿತರ ಚೀಟಿ, ವಿಧವಾ ವೇತನ, ಸೋಂಕಿತ ಮಹಿಳೆಯರ ಸ್ವಂತ ಉದ್ಯೋಗಕ್ಕೆಂದಿರುವ ಧನಶ್ರೀ ಯೋಜನೆ ಇವನ್ನೂ ನಾನು ಔಷಧಿಯ ಪಟ್ಟಿಗೇ ಸೇರಿಸುತ್ತೇನೆ. ಹಸಿದ ಹೊಟ್ಟೆಯಲ್ಲಿ ಗುಳಿಗೆ ನುಂಗಲು ಯಾರಿಗೂ ಮನಸ್ಸು ಬರುವುದಿಲ್ಲ.

ಗುಳೆಯ ಮಾತು ಇನ್ನೊಂದು. ಮುಂಡರಗಿ, ಶಿರಹಟ್ಟಿ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಜನ ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹಾಗೆ ಹೋದವರೇ ಚಿಕಿತ್ಸೆಯಿಂದ ಕೈತಪ್ಪುವುದು ಹೆಚ್ಚು. ಹೋದ ಊರಿನ ಎ.ಆರ್.ಟಿ. ಕೇಂದ್ರದಲ್ಲೂ ಔಷಧಿ ಪಡೆಯಬಹುದೆಂಬುದು, 1097ಕ್ಕೆ ಪುಕ್ಕಟೆ ಫೋನ್ ಮಾಡಿ ಕೇಳಬಹುದೆಂಬುದು ಗೊತ್ತಿದ್ದವರು ಉಳಿದುಕೊಳ್ಳುತ್ತಾರೆ. ಆ ಸುದ್ದಿ ಮುಟ್ಟಿಸುವವರು ಹೆಚ್ಚಾಗಿ ಸೋಂಕಿತರೇ. ಚಿಕಿತ್ಸೆ ಬಿಟ್ಟವರ ಮನೆ ಹುಡುಕಿಕೊಂಡು ಹೋಗಿ, ಬಾಗಿಲಲ್ಲಿ ಬೇರೆ ಏನೋ ನೆಪ ಹೇಳಿ, ಒಳಗೆ ಕೂತು ಮಾತಾಡಿ ಮರಳಿ ಕರೆತರುತ್ತಾರೆ. ಡಾಕ್ಟರು ಹತ್ತು ಸಲ ಹೇಳಿದರೂ ನಾಟದ್ದು "ನಾನೂ ಇದ್ದೇನಲ್ಲವಾ" ಎಂಬ ಒಂದು ಮಾತಿಗೆ ನಾಟುತ್ತದೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನೆಲ ಇದು. ಒಬ್ಬರಿಗೊಬ್ಬರು ಜಾಮೀನು ನಿಲ್ಲುವುದು ನಮಗೆ ಹೊಸದಲ್ಲ.

ದೇವದಾಸಿ ಪದ್ಧತಿಯನ್ನು ರಾಜ್ಯ 1982ರಲ್ಲಿ ನಿಷೇಧಿಸಿತು. ಆ ಬಾಳನ್ನು ಉಂಡ ಹೆಣ್ಣುಮಕ್ಕಳಿಗೆ ಅತ್ತೆಮನೆಯೆಂಬುದೇ ಇಲ್ಲ, ತಾಯಿ ಮತ್ತು ಮಕ್ಕಳೇ ಮನೆ. ಹೇಳಿಕೊಳ್ಳಲು ಅವರಿಗೆ ಒಂದು ಹೆದರಿಕೆ ಕಡಿಮೆ. ಆಸ್ಪತ್ರೆಯಲ್ಲಿ ಸಿಗುವ ಕಣ್ಣೋಟ ಮಾತ್ರ ಇಮ್ಮಡಿ ಕಹಿ. ಅವರ ಸಂಘಗಳು ಜೊತೆಗೆ ನಿಂತಲ್ಲಿ ಕೌಂಟರಿನ ದನಿ ತಗ್ಗುತ್ತದೆ.

ಮೊದಲ ವರ್ಷಗಳಲ್ಲಿ ಗುಳಿಗೆ ಹಿಡಿದವರು ಈಗ ಐವತ್ತು ದಾಟಿದ್ದಾರೆ; ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗಳೂ ಜೊತೆಗೂಡಿವೆ. ಸೋಂಕಿನೊಂದಿಗೆ ಹುಟ್ಟಿದ ಮಕ್ಕಳು ಕಾಲೇಜು ಮುಗಿಸಿದ್ದಾರೆ. ಸಮಾಲೋಚಕರ ಮುಂದೆ ಈಗ ಬರುವ ಪ್ರಶ್ನೆ ಕನ್ಯೆ ನೋಡುವುದು, ವರ ನೋಡುವುದು. ಯಾವಾಗ ಹೇಳಬೇಕು, ಯಾರು ಹೇಳಬೇಕು, ನಿಶ್ಚಿತಾರ್ಥಕ್ಕೆ ಮೊದಲೋ ಆಮೇಲೋ ಎಂದು ತಾಯಂದಿರು ಕೇಳುತ್ತಾರೆ. ಮೊದಲೇ ಹೇಳಬೇಕೆಂಬುದರಲ್ಲಿ ಸಮಾಲೋಚಕರಿಗೆ ಅನುಮಾನವಿಲ್ಲ. ಹೇಳಿದ ಮೇಲೂ ಕೂಡಿಬರುವ ಸಂಬಂಧ ಹುಡುಕುವ ಕೆಲಸ ಬಹುಮಟ್ಟಿಗೆ ಸೋಂಕಿತರ ನಡುವೆಯೇ ನಡೆಯುತ್ತಿದೆ.