ಅಂಚೆಯಲ್ಲಿ ಓಡಾಡಿದ ಮಣ್ಣು

ಕರುಳು ತೂತಾಗಿ ಆಪರೇಷನ್ ಆಗಿದ್ದ ಚಿಕ್ಕಪ್ಪನಿಗೆ ವಾರ ಕಳೆದರೂ ಜ್ವರ ಇಳಿದಿರಲಿಲ್ಲ. ಆಂಟಿಬಯಾಟಿಕ್ ನಡೆದೇ ಇತ್ತು. ಐಸಿಯು ಬಾಗಿಲಲ್ಲಿ ವೈದ್ಯರು, "ಹೊಟ್ಟೆಯೊಳಗೆ ಫಂಗಸ್ ಬೆಳೆದಿದೆ" ಎಂದರು. ಉಪ್ಪಿನಕಾಯಿ ಜಾಡಿಯ ಬೂಷ್ಟನ್ನಷ್ಟೇ ಬಲ್ಲ ನಾನು, ಅದು ಮನುಷ್ಯನ ಹೊಟ್ಟೆಗೆ ಹೇಗೆ ಬಂತೆಂದು ಹುಡುಕುತ್ತಾ ಹೋದೆ.

ಅದು ಹೊರಗಿನಿಂದ ಬಂದದ್ದೇ ಅಲ್ಲ. ಕ್ಯಾಂಡಿಡಾ ಎಂಬ ಶಿಲೀಂಧ್ರ ಬಹಳಷ್ಟು ಜನರ ಕರುಳಿನಲ್ಲಿ ಸದ್ದಿಲ್ಲದೆ ಇರುತ್ತದೆ. ಅಕ್ಕಪಕ್ಕದ ಬ್ಯಾಕ್ಟೀರಿಯಾಗಳು ಅದನ್ನು ಹದ್ದುಬಸ್ತಿನಲ್ಲಿಡುತ್ತವೆ. 1940ರ ದಶಕದಲ್ಲಿ ಬಳಕೆಗೆ ಬಂದ ಆಂಟಿಬಯಾಟಿಕ್‌ಗಳು ಅಸಂಖ್ಯ ಜೀವ ಉಳಿಸಿದವು. ಆದರೆ ರೋಗಾಣುಗಳ ಜೊತೆ ಈ ಕಾವಲುಗಾರರೂ ಸತ್ತರು. ಕ್ಯಾಂಡಿಡಾಗೆ ಜಾಗ ಸಿಕ್ಕಿತು.

ಮದ್ದು ಹುಡುಕಿದವರು ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಇಬ್ಬರು ಮಹಿಳೆಯರು. ಎಲಿಜಬೆತ್ ಹೇಜನ್ ನ್ಯೂಯಾರ್ಕ್ ನಗರದಲ್ಲಿ, ರೇಚೆಲ್ ಬ್ರೌನ್ ಇನ್ನೂರು ಕಿ.ಮೀ.ಗೂ ದೂರದ ಆಲ್ಬನಿಯಲ್ಲಿ. ಹೇಜನ್ ಮಣ್ಣಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಶಿಲೀಂಧ್ರ ಕೊಲ್ಲುವಂಥದ್ದನ್ನು ಗಾಜಿನ ಜಾಡಿಯಲ್ಲಿ ಅಂಚೆಗೆ ಹಾಕುವರು. ಬ್ರೌನ್ ಅದರ ಸಾರ ತೆಗೆದು ಅಂಚೆಯಲ್ಲೇ ಹಿಂದಿರುಗಿಸುವರು. ಶಿಲೀಂಧ್ರವನ್ನು ಕೊಂದ ಎಷ್ಟೋ ಸಾರಗಳು ಇಲಿಗಳನ್ನೂ ಕೊಂದವು. ಕೊನೆಗೆ ವರ್ಜೀನಿಯಾದಲ್ಲಿದ್ದ ಹೇಜನ್ ಅವರ ಸ್ನೇಹಿತರ ಹೊಲದ ಮಣ್ಣು ಕೈಹಿಡಿಯಿತು. 1950ರಲ್ಲಿ ಪ್ರಕಟವಾದ ಆ ಔಷಧಿಗೆ ತಮ್ಮ ರಾಜ್ಯದ ಹೆಸರನ್ನೇ ಸೇರಿಸಿ ನಿಸ್ಟಾಟಿನ್ ಎಂದರು. ಅದರಿಂದ ಬಂದ 1.3 ಕೋಟಿ ಡಾಲರಿಗೂ ಹೆಚ್ಚಿನ ರಾಯಧನವನ್ನು ಇಬ್ಬರೂ ತಮಗೆಂದು ಇಟ್ಟುಕೊಳ್ಳದೆ ಸಂಶೋಧನೆಗೇ ಬಿಟ್ಟರು.

ಆದರೆ ನಿಸ್ಟಾಟಿನ್‌ಗೂ ಒಂದು ಎಲ್ಲೆಯಿತ್ತು. ನುಂಗಿದರೆ ಅದು ಕರುಳಿನೊಳಗೇ ಉಳಿಯುತ್ತದೆ, ರಕ್ತಕ್ಕೆ ಸೇರುವುದಿಲ್ಲ. ರಕ್ತಕ್ಕೆ ಕೊಟ್ಟರೆ ವಿಷ. ಚಿಕ್ಕಪ್ಪನಿಗಾದಂತೆ, ತೂತಾದ ಕರುಳಿನಿಂದ ಕ್ಯಾಂಡಿಡಾ ಆಚೆಗೆ ಸೋರಿದರೆ ಅದು ಅಲ್ಲಿಗೆ ತಲುಪದು. ವೆನೆಜುವೆಲಾದ ಒರಿನೋಕೊ ನದಿಯ ಸೀಮೆಯ ಮಣ್ಣಿನಿಂದ 1950ರ ದಶಕದಲ್ಲಿ ಬಂದ ಆಂಫೊಟೆರಿಸಿನ್ ಬಿ ಅಲ್ಲಿಗೂ ತಲುಪಿತು; ಮೂತ್ರಪಿಂಡಗಳನ್ನು ಘಾಸಿಗೊಳಿಸಿತು ಕೂಡ. ನಮ್ಮ ದೇಶದ ಪಿಂಪ್ರಿಯ ಮಣ್ಣೂ ಅದೇ ಬಗೆಯ ಹೆಮೈಸಿನ್ ಕೊಟ್ಟಿತು. ಅದರ ಹಿಂದೆ ಇದ್ದವರು ಹಿಂದೂಸ್ತಾನ್ ಆಂಟಿಬಯಾಟಿಕ್ಸ್‌ನಲ್ಲಿದ್ದ ಕನ್ನಡ ನೆಲದ ವಿಜ್ಞಾನಿ ಎಂ.ಜೆ. ತಿರುಮಲಾಚಾರ್.

ಚಿಕ್ಕಪ್ಪನಿಗೆ ಕೊಟ್ಟದ್ದು ಕ್ಯಾಸ್ಪೊಫಂಗಿನ್. ಅದರ ಮೂಲ ಸ್ಪೇನಿನ ಲೊಜೋಯಾ ಕಣಿವೆಯಲ್ಲಿ ಸಿಕ್ಕ ಇನ್ನೊಂದು ಶಿಲೀಂಧ್ರ. ಮುಳ್ಳನ್ನು ಮುಳ್ಳಿನಿಂದಲೇ ತೆಗೆದಂತೆ. ಐದನೆಯ ದಿನ ಜ್ವರ ಬಿಟ್ಟಿತು. ಮನೆಗೆ ಬಂದ ಮೇಲೆ ಅವರು ಹಿತ್ತಿಲ ಕರಿಬೇವಿನ ಬುಡ ಕೆದಕುತ್ತಾ ಕೂತಿದ್ದರು. "ಕೈಗೆ ಮಣ್ಣು ಮಾಡ್ಕೋಬೇಡಿ" ಎಂದು ಚಿಕ್ಕಮ್ಮ ಗದರಿದರು. ನಾನು ಸುಮ್ಮನಿದ್ದೆ.